ದಾಖಲೆ ಕೋಣೆಯ ಅಕ್ಕ ನಿನ್ನನ್ನು ಕೇಳಿದರು

ಗೆಳತಿ,

ಇದನ್ನು ಕಳಿಸುವ ಧೈರ್ಯ ನನಗಿಲ್ಲ. ಆದರೂ ಇವತ್ತು ನಡೆದದ್ದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ನಮ್ಮ ಮಾಹಿತಿ ವ್ಯವಸ್ಥೆಯ ಪ್ರಾಜೆಕ್ಟನ್ನು ಇವತ್ತು ಆಸ್ಪತ್ರೆಯಲ್ಲೇ ತೋರಿಸಿದೆವು. ಹೆಸರು ಒತ್ತಿದರೆ ಸಾಕು, ರೋಗಿಯ ಕಡತ ಯಾವ ಕಪಾಟಿನಲ್ಲಿದೆ ಎಂದು ಪರದೆ ಹೇಳುತ್ತಿತ್ತು. ಮೇಷ್ಟ್ರು ತಲೆದೂಗಿದರು. ಅಷ್ಟರಲ್ಲಿ ದಾಖಲೆ ಕೋಣೆ ನೋಡಿಕೊಳ್ಳುವ ಅಕ್ಕ ಎದ್ದು, "ಮದುವೆಯಾಗಿ ಹೆಸರು ಬದಲಾದವರನ್ನ ಇದು ಹೇಗೆ ಹುಡುಕುತ್ತೆ?" ಎಂದರು.

ನಾನು ಮೇಷ್ಟ್ರ ಕಡೆ ನೋಡಿದೆ. ಅಕ್ಕನೇ ಮುಂದುವರಿಸಿದರು:

"ಇದನ್ನೆಲ್ಲ ಆ ಹುಡುಗಿ ಮೂರು ದಿನ ನನ್ನ ಪಕ್ಕದಲ್ಲೇ ಕೂತು ಬರ್ಕೊಂಡಿದ್ಳಲ್ಲಮ್ಮ. ಎಲ್ಲಿ ಅವಳು?"

ಅದೇ ಮೂರು ದಿನ ನೀನು ಕೆಲಸ ಬಿಟ್ಟು ಹರಟೆ ಹೊಡೆಯುತ್ತಿದ್ದೆ ಎಂದು ಮೇಷ್ಟ್ರಿಗೆ ಹೇಳಿದವಳು ನಾನು. ತಂಡದಿಂದ ನಿನ್ನ ಹೆಸರು ಹೋಯಿತು, ಆಮೇಲೆ ನೀನು ಕೋರ್ಸನ್ನೇ ಬಿಟ್ಟೆ. ನೀನು ಕೊಟ್ಟುಹೋದ ನೋಟ್‌ಬುಕ್ಕನ್ನು ನಾನು ತೆರೆದೇ ಇರಲಿಲ್ಲ.

"ಅದೆಲ್ಲ ಸಣ್ಣಪುಟ್ಟ ವಿಷಯ, ಆಮೇಲೆ ಸೇರಿಸ್ಕೊಳ್ಬಹುದು" ಎಂದು ಮೇಷ್ಟ್ರು ನಮಗೇ ಎಲ್ಲರಿಗಿಂತ ಹೆಚ್ಚು ಅಂಕ ಕೊಟ್ಟರು. ಚಪ್ಪಾಳೆಯೂ ಬಿತ್ತು. ಅಕ್ಕ ಮಾತ್ರ ತಮ್ಮ ಹಳೇ ರಿಜಿಸ್ಟರ್ ತೆರೆದು ಕೆಲಸಕ್ಕೆ ಕೂತರು. ನಾವು ಗೆದ್ದೆವೋ ಸೋತೆವೋ, ಒಂದೂ ತಿಳಿಯುತ್ತಿಲ್ಲ ಕಣೇ.

ಹೊರಡುವಾಗ ಅಕ್ಕ ನನ್ನ ಕೈ ಹಿಡಿದು, "ಅವಳಿಗೆ ಹುಷಾರಿಲ್ವಾ?" ಎಂದು ಕೇಳಿದರು.

"ಹೂಂ, ಜ್ವರ" ಎಂದುಬಿಟ್ಟೆ. ಯಾಕೆ ಹಾಗೆ ಹೇಳಿದೆನೋ ನನಗೇ ಗೊತ್ತಿಲ್ಲ.

"ವಾಸಿಯಾದ್ಮೇಲೆ ಕಳಿಸಮ್ಮ. ಅವಳಿಗೆ ಇನ್ನೂ ಅರ್ಧ ಹೇಳೋದಿದೆ."