ಹೆಸೆಲ್ ಹೊಲದ ಹಳದಿ ಚುಕ್ಕಿ

ಏಪ್ರಿಲ್ 18, ಮಂಗಳವಾರ, ಸಂಜೆ

ಟಿಟ್ಟಿಭ ಐದು ಗೂಡು. ಉದ್ದ ಕೊಕ್ಕಿನ ಗ್ರುಟ್ಟೊ ಹಕ್ಕಿಯದು ಸೊನ್ನೆ. ಗಾಳಿಯೋ ಗಾಳಿ. ಎಡಗಾಲಿನ ಬೂಟು ಮತ್ತೆ ಸೋರುತ್ತಿದೆ.

ನನ್ನ ಜೊತೆಗಾರ ಚಿಬ್ಬೆ, ಕಾಲುವೆ ಹಾರಲು ಹೋಗಿ ಬಿದ್ದ. ಎಪ್ಪತ್ನಾಲ್ಕು ವಯಸ್ಸಿಗೆ ಕೋಲು ಊರಿ ಹಾರುವ ಚಟ! ನಾಲ್ಕು ಹೆಜ್ಜೆ ಆಚೆ ಹಲಗೆ ಇತ್ತು. ಸೊಂಟದ ಮೂಳೆ ಮುರಿದಿದೆಯಂತೆ. ಆಂಬುಲೆನ್ಸಿಗೆ ಹತ್ತಿಸುವಾಗಲೂ ಬೈಗುಳ ನಿಂತಿರಲಿಲ್ಲ. "ನನ್ನ ಮುಖ ಏನ್ ನೋಡ್ತೀಯ ಮಾರಾಯ್ತಿ, ಹೆಸೆಲ್ ಹೊಲ ನೋಡೋದು ಬಾಕಿ ಇದೆ. ಹೋಗು, ಹೋಗು."

ಹೋದೆ. ಹನ್ನೊಂದು ವರ್ಷದಿಂದ ಇಬ್ಬರೂ ಜೊತೆಯಾಗಿ ಗೂಡು ಹುಡುಕಿ ಬರೆದಿಟ್ಟಿದ್ದೇವೆ. ಈ ವರ್ಷ ಒಬ್ಬಳೇ ನಡೆಯಬೇಕು. ಬೇಜಾರಾಯಿತು.

ಏಪ್ರಿಲ್ 20, ಗುರುವಾರ

ಗ್ರುಟ್ಟೊ ಗೂಡು ಸಿಕ್ಕಿತು! ಹೆಸೆಲ್‌ನ ಉತ್ತರದ ಹೊಲ. ನಾಲ್ಕು ಮೊಟ್ಟೆ. ಕಾಲಲ್ಲಿ ಕೆಂಪು-ಹಳದಿ-ನೀಲಿ ಗುರುತಿನ ಬಳೆ — ಚಿಬ್ಬೆ ವರ್ಷವರ್ಷ ಕಾಯುವ ಹಕ್ಕಿಯೇ. ಆಫ್ರಿಕಾದ ಬತ್ತದ ಗದ್ದೆಯಿಂದ ನಾಲ್ಕನೇ ವರ್ಷವೂ ಇದೇ ಹೊಲಕ್ಕೆ ಬಂದಿದ್ದಾಳೆ. ಹಿಂದೆ ಈ ಬಯಲಲ್ಲಿ ನಲವತ್ತು ಜೋಡಿ ಇದ್ದವು. ಈ ಸಲ ಇದೊಂದೇ.

ಗೂಡಿನ ಎರಡೂ ಬದಿಗೆ, ತುಸು ದೂರದಲ್ಲಿ, ಬಿದಿರು ಕಡ್ಡಿ ನೆಟ್ಟೆ. ತೀರ ಹತ್ತಿರ ನೆಟ್ಟರೆ ಕಾಗೆಗೆ ವಿಳಾಸ ಬರೆದುಕೊಟ್ಟ ಹಾಗೆ. ಆ್ಯಪ್‌ನಲ್ಲಿ ದಾಖಲಿಸಿದೆ. ನಕ್ಷೆಯ ಮೇಲೆ ಹಳದಿ ಚುಕ್ಕಿ ಬಿತ್ತು. ಅದೇ ಚುಕ್ಕಿ ಹೆಸೆಲ್‌ನ ಫೋನಿನಲ್ಲೂ ಕಾಣುತ್ತದೆ, ಅವನು ಬಾಡಿಗೆಗೆ ಕರೆಸುವ ಹುಲ್ಲು ಕೊಯ್ಯುವ ಯಂತ್ರದ ಪರದೆಯಲ್ಲೂ.

"ಚುಕ್ಕಿ ಇರೋ ತನಕ ಆ ಹೊಲಕ್ಕೆ ಯಂತ್ರ ಇಳಿಸಲ್ಲ. ಮಾತು ಅಂದ್ರೆ ಮಾತು," ಅಂದ ಹೆಸೆಲ್. "ಆದ್ರೆ ಯೆತ್ಸ್ಕೆ, ಹುಲ್ಲು ಬಲಿತುಬಿಟ್ರೆ ನನ್ನ ಹಸುಗಳು ಮೂಸಿ ಕೂಡ ನೋಡಲ್ಲ. ಆಗ ನಿಮ್ಮ ಮನೆಗೆ ಕಳಿಸ್ತೀನಿ, ನೀವೇ ಮೇಯಿಸಿ."

ಆಸ್ಪತ್ರೆಗೆ ಹೋಗಿ ಫೋಟೋ ತೋರಿಸಿದೆ. ಚಿಬ್ಬೆ ಅದನ್ನು ದೊಡ್ಡದು ಮಾಡಿ ನೋಡಿದ. ಮೂಗು ಒರೆಸಿಕೊಂಡು, ಶೀತ ಅಂದ.

ಮೇ 6, ಶನಿವಾರ

ಸುತ್ತಲಿನ ಹೊಲಗಳೆಲ್ಲ ಬೋಳು. ಹೆಸೆಲ್‌ನ ಉತ್ತರದ ಹೊಲ ಮಾತ್ರ ಮೊಣಕಾಲುದ್ದ. ತಾಯಿ ಕೂತಿದ್ದಾಳೆ. ಚಿಬ್ಬೆಯನ್ನು ಆರೈಕೆ ಮನೆಗೆ ಸಾಗಿಸಿದ್ದಾರೆ. ದಿನಕ್ಕೆ ಎರಡು ಫೋನು. ತನ್ನ ಸೊಂಟದ ಸುದ್ದಿ ಇಲ್ಲ, ಬರೀ ಮೊಟ್ಟೆಯದ್ದೇ.

ಮೇ 14, ಭಾನುವಾರ, ಸಂಜೆ ಏಳು

ನಾಲ್ಕೂ ಒಡೆದಿವೆ! ಮೂರು ಒಣಗಿ ಓಡಾಡುತ್ತಿವೆ, ನಾಲ್ಕನೆಯದು ಇನ್ನೂ ಒದ್ದೆ. ಕಾಲೇ ದೊಡ್ಡದು, ಮೈ ಕಡಲೆಪುರಿಯಷ್ಟು ಹಗುರ. ಖುಷಿಗೆ ಒಬ್ಬಳೇ ನಕ್ಕೆ.

ಕಡ್ಡಿ ಕಿತ್ತೆ. ಆ್ಯಪ್‌ನಲ್ಲಿ 'ಮರಿ ಆಯಿತು' ಒತ್ತಿದೆ. ಹಳದಿ ಚುಕ್ಕಿ ಮಾಯ.

ಇನ್ನು ಮರಿಗಳು ಹುಲ್ಲಿನೊಳಕ್ಕೆ ನಡೆದುಬಿಡುತ್ತವೆ. ಹಾರಲು ಇಪ್ಪತ್ತೈದು ದಿನ ಬೇಕು. ಅಪಾಯ ಬಂದರೆ ಅವು ಓಡುವುದಿಲ್ಲ, ನೆಲಕ್ಕೆ ಅಂಟಿ ಮಲಗುತ್ತವೆ. ಇಪ್ಪತ್ತೈದು ದಿನ ಹುಲ್ಲು ಬಿಡಪ್ಪ ಅಂತ ಹೆಸೆಲ್‌ಗೆ ಹೇಳಬೇಕು. ಇವತ್ತು ಭಾನುವಾರ. ಆ ಮನೆಯಲ್ಲಿ ಎರಡು ಹೊತ್ತು ಚರ್ಚು, ಫೋನು ಮೇಜಿನ ಖಾನೆಯೊಳಗೆ. ಭಾನುವಾರ ಅವರ ಬಾಗಿಲು ಯಾರೂ ತಟ್ಟುವುದಿಲ್ಲ. ಯಂತ್ರವೂ ಇಳಿಯುವುದಿಲ್ಲ, ಅದೊಂದು ನೆಮ್ಮದಿ. ನಾಳೆ ಹಾಲು ಕರೆದು ಮುಗಿದ ಮೇಲೆ, ಎಂಟಕ್ಕೆ, ಫೋನ್ ಮಾಡುತ್ತೇನೆ.

ಮೇ 15, ಸೋಮವಾರ

ಆರು ಗಂಟೆಗೆ ಯಂತ್ರದ ಸದ್ದು. ಚಪ್ಪಲಿಯಲ್ಲೇ ಕಾರು ಹತ್ತಿದೆ.

ಮುಕ್ಕಾಲು ಹೊಲ ಆಗಿಹೋಗಿತ್ತು. ಕೈ ಬೀಸಿ ಬೀಸಿ ನಿಲ್ಲಿಸಿದೆ. ಡ್ರೈವರು ಐವತ್ತರ ಆಸುಪಾಸಿನ ಮನುಷ್ಯ, ಇಳಿದು ಬಂದು ಪರದೆ ತೋರಿಸಿದ. "ನೋಡಿ ಅಮ್ಮಾ, ಶನಿವಾರ ಚುಕ್ಕಿ ಇತ್ತು, ಬಿಟ್ಟೆ. ಇವತ್ತು ಇಲ್ಲ. ಇಲ್ಲ ಅಂದ್ರೆ ಕೊಯ್ಯಬಹುದು ಅಂತ ತಾನೆ?"

ಹೌದು ತಾನೆ. ಅಳಿಸಿದವಳು ನಾನು.

ಇಬ್ಬರೂ ಬಗ್ಗಿ ಹುಡುಕಿದೆವು. ಕೊಯ್ದ ಹುಲ್ಲಿನಲ್ಲಿ ಎರಡು ಮರಿ ಸಿಕ್ಕವು. ಬರೆಯಲಾರೆ. ಅವನು ಟೋಪಿ ತೆಗೆದು ಅಲ್ಲೇ ನಿಂತುಬಿಟ್ಟ. ಕಾಲುವೆ ಅಂಚಿನ ಹುಲ್ಲು ಮುಟ್ಟದೆ ಯಂತ್ರ ತಿರುಗಿಸಿಕೊಂಡು ಹೋದ.

ಹೆಸೆಲ್ ಕೊಟ್ಟಿಗೆಯಿಂದ ಓಡಿ ಬಂದ. "ಒಂದು ಮಾತು ಹೇಳಬಾರದಿತ್ತಾ?"

"ಭಾನುವಾರ ಅಂತ..."

"ಏನ್ ಮಾತು ಅಂತ ಆಡ್ತೀರ! ಭಾನುವಾರ ಹಸು ಕಾಲುವೆಗೆ ಬಿದ್ರೆ ಸೋಮವಾರದ ತನಕ ಬಿಡ್ತೀನಾ ನಾನು? ಎರಡು ಕಿಲೋಮೀಟರು. ಸೈಕಲ್ ತುಳಿದು ಬಂದು ಬಾಗಿಲು ಬಡೀಬೇಕಿತ್ತು."

ಬೈದಿದ್ದು ಸಾಲದು ಅನ್ನಿಸಿತು. ಇನ್ನಷ್ಟು ಬೈಯಲಿ ಅಂತ ನಿಂತೆ. ಅವನು ಕಾಫಿಗೆ ಕರೆದ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಈಗ ಇಪ್ಪತ್ತೈದು ದಿನವಲ್ಲ, ಎರಡು ತಿಂಗಳು ಬೇಕಾದರೂ ಬಿಡುತ್ತಾನಂತೆ ಆ ಅಂಚಿನ ಹುಲ್ಲನ್ನು.

ಮೇ 16, ಮಂಗಳವಾರ

ತಾಯಿ ಕೂಗುತ್ತಿದ್ದಾಳೆ! ಕಾಲುವೆ ಅಂಚಿನ ಮೇಲೆ ಸುತ್ತಿ ಸುತ್ತಿ. ತಾಯಿ ಹಾಗೆ ಕೂಗಿದರೆ ಮರಿ ಇದೆ ಎಂದೇ ಲೆಕ್ಕ. ಒಂದಾದರೂ ಇದೆ.

ಹತ್ತಿರ ಹೋಗುವ ಹಾಗಿಲ್ಲ. ನಾನು ಕಾಲಿಟ್ಟ ಕಡೆಯೇ ಮರಿ ತಿನ್ನುವ ಕಡಲಕಾಗೆಗಳ ಕಣ್ಣು. ಹತ್ತರಿಂದ ನಾಲ್ಕರವರೆಗೆ ಕಾರಿನಲ್ಲಿ ಕೂತೆ. ಕಡಲಕಾಗೆ ಹನ್ನೊಂದು. ಆಮೇಲೆ ಹದಿನಾಲ್ಕು. ಬರೆದುಕೊಂಡೆ. ನನಗೆ ಬರುವುದು ಅದೊಂದೇ — ಎಣಿಸುವುದು, ಬರೆಯುವುದು. ಬೆಣ್ಣೆ ಬ್ರೆಡ್ಡು ಹಾಗೇ ವಾಪಸ್ಸು ತಂದೆ.

ಮೇ 17, ಬುಧವಾರ

ಸದ್ದಿಲ್ಲ.

ಎರಡು ಗಂಟೆ ಕಾದೆ. ಕಿಟಕಿ ಇಳಿಸಿಕೊಂಡು. ಕೊನೆಗೆ ದುರ್ಬೀನಿನಲ್ಲಿ ಕಂಡಳು — ಆಚೆ ಕೆರೆಯ ಹತ್ತಿರ, ಮರಿಯಿಲ್ಲದ ಹಕ್ಕಿಗಳ ಗುಂಪಿನಲ್ಲಿ, ಗಂಡನ ಪಕ್ಕ. ಗರಿ ಸರಿ ಮಾಡಿಕೊಳ್ಳುತ್ತಿದ್ದಳು.

ದಾಖಲೆ ತಿದ್ದೋಣವೆಂದು ಗೂಡುಗಳ ಲೆಕ್ಕ ಇಡುವ ಕಚೇರಿಗೆ ಫೋನ್ ಮಾಡಿದೆ. ಪಾಪ, ಒಳ್ಳೆ ಹೆಂಗಸು. "ಮೊಟ್ಟೆ ಒಡೆದಿದೆ ಅಂದ್ರೆ ಗೂಡು ಯಶಸ್ವಿ ರೀ. ಆಮೇಲಿಂದಕ್ಕೆ ನಮ್ಮಲ್ಲಿ ಕಾಲಂ ಇಲ್ಲ."

"ಎಲ್ಲಾ ಸತ್ತಿವೆ."

"ಅಯ್ಯೋ... ಆದ್ರೂ ಯಶಸ್ವಿ ಅಂತಲೇ ಬರುತ್ತೆ. ನಾನೇನ್ ಮಾಡ್ಲಿ, ಹೇಳಿ?"

ಅವಳೇನು ಮಾಡಿಯಾಳು.

ಮೇ 19, ಶುಕ್ರವಾರ, ಸಂಜೆ

ಸೋಮವಾರದಿಂದ ಚಿಬ್ಬೆಯ ಫೋನ್ ಎತ್ತಿರಲಿಲ್ಲ. ಇವತ್ತು ಹೋದೆ. ಹೇಳಿಯೇ ಬಿಡಬೇಕು ಅಂತಲೇ ಹೋದದ್ದು.

ಗೋಡೆಯ ಮೇಲೆ ಒಂದು ಹಾಳೆ. ಈ ವರ್ಷದ ಪಟ್ಟಿ, ದಾದಿಯ ಕೈಲಿ ಪ್ರಿಂಟ್ ಹಾಕಿಸಿದ್ದಾನೆ. ಗ್ರುಟ್ಟೊ, ಗೂಡು ಒಂದು, ಯಶಸ್ವಿ ಒಂದು. ಕೆಳಗೆ ಪೆನ್ನಿನಲ್ಲಿ ಎರಡು ಗೆರೆ. ಎದುರು ಮಂಚದವನಿಗೆ ನನ್ನನ್ನು ತೋರಿಸಿ ಹೇಳಿದ: "ಇವಳೇ ಕಣಯ್ಯ. ಒಬ್ಬಳೇ ಮಾಡಿದ್ದು."

ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಕೇಳಿದ. "ತಾಯಿ ಜೋರಾಗಿ ಕೂಗ್ತಿದಾಳಾ?"

"ಹೂಂ," ಅಂದೆ. "ಕಿವಿ ಕಿತ್ತುಹೋಗೋ ಹಾಗೆ."

ಯಾಕೆ ಅಂದೆನೋ. ಬಾಯಿಗೆ ಬೆಂಕಿ ಬೀಳ.

ಚಿಬ್ಬೆ ಕಣ್ಣು ಮುಚ್ಚಿ ನಕ್ಕ. ಆಮೇಲೆ ದಿಂಬಿನ ಕೆಳಗಿನಿಂದ ಚೀಟಿ ತೆಗೆದ — ಡಾಕ್ಟರ ಸಹಿ, ಗಾಲಿಕುರ್ಚಿಯಲ್ಲಿ ಎರಡು ಗಂಟೆ ಹೊರಗೆ ಹೋಗಲು ಅನುಮತಿ. "ರಸ್ತೇಲಿ ನಿಲ್ಲಿಸಿದ್ರೆ ಸಾಕು ಯೆತ್ಸ್ಕೆ. ನೋಡಕ್ಕಲ್ಲ, ಬರೀ ಕೇಳಕ್ಕೆ. ನಾಳೆ ಹತ್ತಕ್ಕೆ ಬಂದುಬಿಡು."

ಬರುತ್ತೇನೆ ಅಂದೆ.

ಈಗ ಒಂಬತ್ತು ಗಂಟೆ. ಕಾರಿನ ಹಿಂದಿನ ಸೀಟು ಮಡಚಿ ಕುರ್ಚಿಗೆ ಜಾಗ ಮಾಡಿದ್ದೇನೆ. ಹೊರಡುವ ಮೊದಲೇ ಹೇಳುವುದೋ, ಇಲ್ಲ ಹೊಲದ ಹತ್ತಿರ ಎಂಜಿನ್ ಆರಿಸಿದ ಮೇಲೆ, ಅವನು ಕಿವಿಗೆ ಕೈ ಅಡ್ಡ ಇಟ್ಟು ಆಲಿಸುವಾಗಲೋ, ಗೊತ್ತಾಗುತ್ತಿಲ್ಲ.