ಮಾವ, ಪದಕ ನಿಮ್ಮ ತಂದೆಯವರದೇ

ಮಾವ,

ಮೊದಲು ಇದನ್ನು ಓದಿ, ಆಮೇಲೆ ಬಾಗಿಲು ತೆಗೆಯಿರಿ. ಹತ್ತು ಗಂಟೆಗೆ ಗುಜರಿಯವನು ಬಂದರೆ ಹಳೆ ಪೇಪರ್ ಮಾತ್ರ ಕೊಡಿ, ಪದಕ ಕೊಡಬೇಡಿ. "ನಮ್ಮಪ್ಪನದಲ್ಲ ಅಂದ್ಮೇಲೆ ಅದು ಬರೀ ತಗಡು, ತೂಕಕ್ಕೆ ಹಾಕ್ತೀನಿ" ಎಂದು ನಿನ್ನೆ ಊಟ ಬಿಟ್ಟು ಎದ್ದಿರಿ. ಅದು ಅವರದಲ್ಲ ಎಂದು ನಾನು ಹೇಳಿದ್ದೇ ತಪ್ಪು.

ಪದಕದ ಅಂಚಿನಲ್ಲಿ ಸೈನಿಕನ ಸಂಖ್ಯೆ ಕೆತ್ತಿರುತ್ತಾರಲ್ಲ, ಅದನ್ನು ನಾನು 6189 ಎಂದು ಓದಿದೆ. ನಿಮ್ಮ ತಂದೆಯವರಿದ್ದ ಸೇನಾದಳದ ಹಳೆಯ ಪಟ್ಟಿಯಲ್ಲಿ ಆ ಸಂಖ್ಯೆ ಯಾರೋ ಅಡುಗೆಯವನದು. ಬೆಳಿಗ್ಗೆ ಮನಸ್ಸು ತಡೆಯದೆ ಮತ್ತೆ ಭೂತಗನ್ನಡಿ ಹಿಡಿದೆ. ಪದಕವನ್ನೇ ತಲೆಕೆಳಗಾಗಿ ಹಿಡಿದಿದ್ದೆ, ಮಾವ! ತಿರುಗಿಸಿದರೆ ಅದು 6819. ಪಟ್ಟಿಯಲ್ಲಿ ಅದರ ಎದುರಿಗೆ ನಿಮ್ಮ ತಂದೆಯವರ ಹೆಸರು, ಗಾಯಾಳುಗಳನ್ನು ಹೊರುವ ಕೆಲಸ, ಎಲ್ಲ ನೀವು ಹೇಳುತ್ತಿದ್ದ ಹಾಗೇ ಇದೆ. ಮೂರು ಸಲ ನೋಡಿದೆ. ನಾಲ್ಕನೆಯ ಸಲಕ್ಕೆ ಬಸ್ಸಿನ ಹೊತ್ತಾಯಿತು.

ಅಂಚಿನಲ್ಲಿ ಹೆಸರಿರಬೇಕಾದ ಜಾಗ ನುಣ್ಣಗಾಗಿದೆ ಎಂದು ಯಾರೋ ನಕಲಿಗಾರನ ಮೇಲೆ ಅನುಮಾನಪಟ್ಟಿದ್ದೆ. ಪ್ರತಿ ಭಾನುವಾರ ಹಲ್ಲುಪುಡಿ ಹಾಕಿ ಅದನ್ನು ಉಜ್ಜುವವರು ಯಾರೆಂದು ನಿಮಗೇ ಗೊತ್ತು. ಇನ್ನು ಮೇಲೆ ಒಣ ಬಟ್ಟೆ ಸಾಕು, ದಯವಿಟ್ಟು.

ತಿಂಡಿ ಮುಚ್ಚಿಟ್ಟಿದ್ದೇನೆ. ನನ್ನ ಮೇಲಿನ ಸಿಟ್ಟನ್ನು ಅದರ ಮೇಲೆ ತೀರಿಸಿಕೊಳ್ಳಬೇಡಿ.

ಹಳೆಯ ಪದಕ, ನಾಣ್ಯ ಗುರುತಿಸಲು ನಾನು ಕಲಿಯುವ ಸಂಜೆ ತರಗತಿಯಲ್ಲಿ ಮೇಷ್ಟ್ರ ಮುಂದೆಯೂ "ಇದು ಬೇರೆಯವರದು" ಎಂದುಬಿಟ್ಟಿದ್ದೇನೆ. ಇವತ್ತು ನೀವೂ ನನ್ನ ಜೊತೆ ಬನ್ನಿ. ಪದಕ ನಿಮ್ಮ ಕೈಯಲ್ಲೇ ಇರಲಿ. ಯಾವ ಕಡೆ ಮೇಲೆ ಎಂದು ನಿಮ್ಮನ್ನು ಕೇಳಿಕೊಂಡೇ ನಾನು ಬಾಯಿ ತೆಗೆಯುತ್ತೇನೆ.

ನಿಮ್ಮ ಸೊಸೆ