ಕಿಟಕಿಯ ಕಟ್ಟೆಯ ಮೇಲಿನ ಸ್ಟೀಲ್ ಲೋಟ

ವಿದ್ಯಾರ್ಥಿ ನಿಲಯ, ನೆದರ್ಲೆಂಡ್ಸ್
ಭಾನುವಾರ, 15 ಸೆಪ್ಟೆಂಬರ್ 2024

ಪ್ರೀತಿಯ ಶಾಂತಾ,

ಜೈಭೀಮ್. ತಲುಪಿದ ವಾರದಲ್ಲೇ ಬರೆಯುತ್ತೇನೆಂದು ಕೂಡ್ಲಿಗಿ ಬಸ್ ನಿಲ್ದಾಣದಲ್ಲಿ ನಿನಗೆ ಮಾತು ಕೊಟ್ಟಿದ್ದೆ, ಬರೆಯಲಿಲ್ಲ, ಕ್ಷಮಿಸು. ಪಾಠದ ಒತ್ತಡವೆಂದು ಫೋನಿನಲ್ಲಿ ಹೇಳಿದ್ದು ಅರ್ಧ ನಿಜ. ಉಳಿದರ್ಧ ಫೋನಿಗೆ ಒಗ್ಗುವಂಥದ್ದಲ್ಲ. ನೀನು ಸ್ಪೀಕರ್ ಹಾಕುತ್ತೀಯೆ, ಅಪ್ಪ ಪಕ್ಕದಲ್ಲೇ ಕಿವಿಗೊಟ್ಟು ಕೂರುತ್ತಾನೆ, ಒಳಗಿನಿಂದ ಅವ್ವ "ಲೇ ಓಬಳೇಶ, ಉಂಡೇನಲೇ?" ಎಂದು ಕೂಗುತ್ತಾಳೆ. ಉಂಡೆ ಎನ್ನುತ್ತೇನೆ. ಆದ್ದರಿಂದ ಈ ಕಾಗದ.

ಆರೋಗ್ಯವಾಗಿದ್ದೇನೆ. ನಿನ್ನ ಶಾಲೆ ಹೇಗೆ ನಡೆದಿದೆ? ಮಗರಾಯ ಕ್ರಾಂತಿ ಬೆಳಿಗ್ಗೆ ಎದ್ದು ಓದುತ್ತಾನೋ, ನಾನು ಊರಲ್ಲಿಲ್ಲವೆಂದು ಮಲಗಿರುತ್ತಾನೋ?

ಇಲ್ಲಿ ನೆಲ ಸಮುದ್ರಕ್ಕಿಂತ ಕೆಳಗಿದೆ. ನೆಲದೊಳಗಿನ ನೀರು ಹುಡುಕುವುದರಲ್ಲೇ ನೌಕರಿ ಸವೆಸಿದ ನಾನು, ನೀರನ್ನು ಹೊರಗೆತ್ತಿ ಚೆಲ್ಲುವ ದೇಶಕ್ಕೆ ಅಂತರ್ಜಲ ಶಾಸ್ತ್ರ ಕಲಿಯಲು ಬಂದಿದ್ದೇನೆ. ಅಪ್ಪನಿಗೆ ಇದನ್ನು ಹೇಳಿದಾಗ, "ಹಂಗಾರ ಒಂದು ಪೈಪು ನಮ್ಮ ಕಡಿ ತಿರುವ್ರಿ ಅಂತ ಹೇಳಲೇ, ಅವರಿಗೂ ಹಗುರಾಕ್ಕೈತಿ" ಅಂದ. ಬಂದ ಮೇಲೆ ನಾನು ಮನಸಾರೆ ನಕ್ಕದ್ದು ಅದೊಂದೇ ಸಲ.

ಮೊದಲ ತರಗತಿಗೆ ಕಾಲಿಟ್ಟಾಗ ಮಾತೆಲ್ಲ ನಿಂತಿತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, ಪಾಠ ಯಾವಾಗ ಶುರು ಮಾಡುತ್ತೀರಿ ಎಂದು ಕೇಳಿದಳು. ನಾನು ಹಿಂದಿನ ಬೆಂಚಿಗೆ ಹೋಗಿ ಕುಳಿತೆ. ಎಲ್ಲರೂ ನಕ್ಕರು, ಕೇಡಿಲ್ಲದ ನಗು. ಆದರೆ ಪಾಠ ನಗುವಂಥದ್ದಾಗಿರಲಿಲ್ಲ. ಬಂಡೆಯೊಳಗೆ ನೀರು ಹರಿಯುವ ಪರಿಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವಿಧಾನ ಅದು. ಕ್ರಾಂತಿಯ ವಯಸ್ಸಿನವರು ಪಟಪಟನೆ ಮಾಡಿ ಮುಗಿಸಿದರು. ನನ್ನ ಪರದೆಯ ಮೇಲೆ ಕೆಂಪು ಅಕ್ಷರದ ದೋಷ ಸೂಚನೆಗಳೇ ತುಂಬಿದವು. ಬೀಳ್ಕೊಡುವ ದಿನ ನಮ್ಮ ಆಫೀಸಿನ ಸಿದ್ದಲಿಂಗ ಅಂದದ್ದು ನೆನಪಾಯಿತು: "ಮಗ ಓದೋ ವಯಸ್ಸಿನ್ಯಾಗ ಅಪ್ಪ ಹೊಂಟಾನ. ತಿಂಗಳೊಪ್ಪತ್ತಿನ್ಯಾಗ ವಾಪಸ್ ಬರ್ತೀರಿ ತಗೋರಿ, ಸಾಹೇಬ್ರ."

ಅವನ ಮಾತು ನಿಜವಾಗುವುದರಲ್ಲಿತ್ತು, ಶಾಂತಾ. ಕಾರಣ ಪಾಠವಲ್ಲ.

ನಮ್ಮ ಮಹಡಿಯ ಕೋಣೆಗಳಿಗೆಲ್ಲ ಸೇರಿ ಅಡುಗೆಮನೆ ಒಂದೇ. ಅಲ್ಲಿ ಹರಪನಹಳ್ಳಿಯ ಹುಡುಗನೊಬ್ಬನಿದ್ದಾನೆ, ಅರುಣಕುಮಾರ್. ಮೊದಲ ಸಂಜೆ ನಾನು ನಿನ್ನೊಡನೆ ಫೋನಿನಲ್ಲಿ ಮಾತಾಡುವುದು ಕೇಳಿಸಿಕೊಂಡು ಓಡಿಬಂದ. "ಸರ್, ಕೂಡ್ಲಿಗಿಯೋರಾ? ನಮ್ ಚಿಕ್ಕಮ್ಮನ್ನ ಅಲ್ಲಿಗೇ ಕೊಟ್ಟೀವ್ರೀ! ನೀವು ಯಾರ ಪೈಕಿ?"

"ನೀರಾವರಿ ಇಲಾಖಿ ಪೈಕಿ" ಎಂದೆ. ಅವನು ಜೋರಾಗಿ ನಕ್ಕ. ನಾನು ನಗಲಿಲ್ಲ.

ಮರುದಿನ ಬೆಳಿಗ್ಗೆ ಅಡುಗೆಮನೆಗೆ ಹೋದೆ. ಕಪಾಟಿನಲ್ಲಿ ಎಲ್ಲರ ಪಿಂಗಾಣಿ ಮಗ್ಗುಗಳು ಸಾಲಾಗಿದ್ದವು. ಅವುಗಳಿಂದ ದೂರ, ಕಿಟಕಿಯ ಕಟ್ಟೆಯ ಮೇಲೆ, ಒಂದು ಸ್ಟೀಲ್ ಲೋಟವಿತ್ತು. ಅದಕ್ಕೆ ನನ್ನ ಕೋಣೆಯ ನಂಬರಿನ ಚೀಟಿ ಅಂಟಿಸಿತ್ತು.

ನಮ್ಮೂರ ಹೋಟೆಲಿನ ಹೊರಗೋಡೆಯ ಗೂಡಿನಲ್ಲಿ ನಮ್ಮ ಕೇರಿಯವರಿಗೆಂದು ಬೇರೆ ಲೋಟಗಳಿರುತ್ತಿದ್ದುದು ನಿನಗೆ ಗೊತ್ತು, ನಿಮ್ಮೂರಲ್ಲೂ ಇದ್ದವು. ಇಷ್ಟು ದೂರ ಹಾರಿ ಬಂದರೂ ಗೂಡು ನನಗಿಂತ ಮೊದಲೇ ಬಂದು ಕೂತಿದೆ ಅನ್ನಿಸಿತು. ಆಮೇಲೆ ನಾನು ಅಡುಗೆಮನೆಗೆ ಹೋಗಲಿಲ್ಲ. ನೀನು ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇರುವಷ್ಟು ದಿನ ಬಾಗಿಲು ಹಾಕಿಕೊಂಡು ಅದನ್ನೇ ತಿಂದೆ. ಅದು ಮುಗಿದ ಮೇಲೆ ಬ್ರೆಡ್ಡು. ಕೊನೆಗೆ ಕಾಲೇಜಿನ ಕಚೇರಿಗೆ ಹೋಗಿ, ಪ್ರವೇಶ ರದ್ದು ಮಾಡಿ ಊರಿಗೆ ಮರಳಬೇಕೆಂದೆ. ಅಲ್ಲಿನ ಹೆಂಗಸು ಮುಖ ನೋಡಿದಳು. "ಶುಕ್ರವಾರದವರೆಗೆ ಯೋಚಿಸಿ. ಆಮೇಲೆ ಈ ಸೀಟು ಇನ್ನೊಬ್ಬರದು" ಎಂದಳು.

ಗುರುವಾರ ಸಂಜೆ ಅರುಣ ಬಾಗಿಲು ಬಡಿದ.

"ಸರ್, ನಾವೇನಾದ್ರೂ ತಪ್ಪು ಮಾಡಿದ್ವಾ? ಅಡಿಗಿಮನೆ ಕಡೆ ತಲೀನೇ ಹಾಕ್ತಿಲ್ಲ ನೀವು."

"ಆ ಲೋಟ ಯಾರು ಇಟ್ಟಿದ್ದು?"

"ನಾನೇ ರೀ. ನಮ್ಮವ್ವ ಎಲ್ಡು ಕೊಟ್ಟು ಕಳ್ಸಿದ್ಲು. ಈ ಮಗ್ಗಿನಾಗೆ ಚಾ ಕುಡುದ್ರೆ ಕಷಾಯ ಕುಡ್ದಂಗಾಗ್ತೈತೆ. ಒಂದು ನನಗೆ, ಒಂದು ನಿಮಗೆ ಅಂತ ಇಟ್ಟೆ. ಕಪಾಟಿನಾಗೆ ಜಾಗ ಎಲ್ಲೈತೆ?"

"ಚೀಟಿ?"

"ಚೀಟಿ ಹಚ್ಚಲಿಲ್ಲ ಅಂದ್ರೆ ಆ ಇಟಲಿ ಹುಡುಗ ಹಲ್ಲುಜ್ಜೋ ಬ್ರಷ್ ಇಡಾಕೆ ಒಯ್ತಾನ್ರೀ! ನಂದು ಒಂದ್ಸಲ ಒಯ್ದಿದ್ದ, ಅವತ್ತಿಂದ ರೂಮಿನಾಗೇ ಇಟ್ಕಂಡೀನಿ. ನಿಮ್ದೂ ಅಷ್ಟೇ, ಯಾರೋ ಕಿಟಕಿ ಹೊರಗೆ ಬೋರಲು ಹಾಕಿದ್ರು. ಮಳೇಲಿ ತೋಯ್ತಿತ್ತು. ನಾನೇ ಒಳಗೆ ತಂದಿಟ್ಟೆ."

ಆ 'ಯಾರೋ' ಎಂಬುದಕ್ಕೆ ನಾನು ಏನೂ ಹೇಳಲಿಲ್ಲ. ಅಡುಗೆಮನೆಗೆ ಹೋಗಿ ಮಗ್ಗುಗಳನ್ನು ಒಂದೊಂದಾಗಿ ತಿರುವಿ ನೋಡಿದೆ. ಪ್ರತಿಯೊಂದರ ತಳದಲ್ಲೂ ಕೋಣೆಯ ನಂಬರಿತ್ತು. ಅರುಣ ನನ್ನನ್ನು ವಿಚಿತ್ರವಾಗಿ ನೋಡುತ್ತ ಚಹಾಕ್ಕೆ ನೀರಿಟ್ಟ.

ಊರಿಗೆ ಮರಳುವ ಕಾರಣ ಅಲ್ಲಿಗೆ ಕರಗಿತು. ಆದರೂ, ಅವನ ಮೊದಲ ದಿನದ ಪ್ರಶ್ನೆಗೆ ಉತ್ತರ ಕೊಡದೆ ಆ ಚಹಾ ಕುಡಿಯಬಾರದೆಂದು ನಿಶ್ಚಯಿಸಿದೆ.

"ಯಾರ ಪೈಕಿ ಅಂತ ಕೇಳಿದ್ಯಲ್ಲ ತಮ್ಮಾ. ನಾನು ಹಲಗಿ ಬಾರಿಸೋ ಜೋಗಪ್ಪನ ಮಗ. ಹೋಟೆಲ್ ಹೊರಗ ನಿಂತು ಚಾ ಕುಡದೋರ ಪೈಕಿ."

ಅವನ ಕೈ ಸಕ್ಕರೆ ಡಬ್ಬಿಯ ಮೇಲೆ ನಿಂತಿತು. ಆ ನಿಂತ ಕೈಯಲ್ಲಿ ಏನಿತ್ತು ಎಂದು ಅಳೆಯುವ ಉಪಕರಣ ನನ್ನ ಬಳಿ ಇಲ್ಲ. ಆಮೇಲೆ "ಸಕ್ರೆ ಎಷ್ಟ್ ಹಾಕ್ಲಿ ಸರ್?" ಎಂದು ಕೇಳಿದ. ಎದುರು ಬದುರು ಕುಳಿತು, ಎರಡು ಸ್ಟೀಲ್ ಲೋಟಗಳಲ್ಲಿ ಕುಡಿದೆವು. ಅರ್ಧ ಕುಡಿದ ಮೇಲೆ ತಲೆ ಎತ್ತದೆ ಅಂದ: "ನಮ್ಮಜ್ಜಂದು ಹೋಟ್ಲಿತ್ತು ರೀ."

ಶುಕ್ರವಾರ ಕಚೇರಿಗೆ ಹೋಗಿ ಗ್ರಂಥಾಲಯದ ಕಾರ್ಡು ಕೇಳಿದೆ. ಆ ಹೆಂಗಸು ಬೇರೇನೂ ಕೇಳದೆ ಕಾರ್ಡು ಕೊಟ್ಟಳು. ನಿನ್ನೆಯಿಂದ ಅರುಣ ನನಗೆ ಕಂಪ್ಯೂಟರ್ ಲೆಕ್ಕ ಕಲಿಸುತ್ತಿದ್ದಾನೆ. ಕೆಂಪು ಅಕ್ಷರಗಳು ಇನ್ನೂ ಇವೆ. ಓದಿದರೆ ಅವೂ ಅರ್ಥವಾಗುತ್ತವೆ. ಸಿದ್ದಲಿಂಗ ಕೇಳಿದರೆ, ಓದು ಮುಗಿಸಿಕೊಂಡೇ ಬರುತ್ತಾರಂತೆ ಎಂದು ಹೇಳು.

ಅವ್ವನ ಬಿಪಿ ಮಾತ್ರೆ ತಪ್ಪಿಸಬೇಡ. ಕ್ರಾಂತಿಗೆ ನನ್ನ ಆಶೀರ್ವಾದ. ಅವನಿಗೂ ನನಗೂ ಈ ವರ್ಷ ಪರೀಕ್ಷೆ, ಯಾರು ಮುಂದೆ ನೋಡೋಣ. ನೀನು ಹೊತ್ತಿಗೆ ಸರಿಯಾಗಿ ಉಣ್ಣು. ನಾನೂ ಈಗ ನಿಜವಾಗಿ ಉಣ್ಣುತ್ತಿದ್ದೇನೆ.

ನಿನ್ನ,
ಓಬಳೇಶ

ತಾ.ಕ.: ಇದನ್ನು ಅಪ್ಪನೆದುರು ಓದಬೇಡ. ಲೋಟವನ್ನು ಕಿಟಕಿಯ ಹೊರಗಿಟ್ಟವನು ನಾನೇ. ಆ ಬೆಳಿಗ್ಗೆ ಅದನ್ನು ಕಂಡಾಗ ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ಕೋಣೆಗೆ ಮರಳಿದ ಮೇಲೆ. ಅದಕ್ಕೂ ಮೊದಲು ಅದರಲ್ಲಿ ನೀರು ಕುಡಿದೆ, ತೊಳೆದೆ, ಕಿಟಕಿ ತೆರೆದು ಹೊರಗಿನ ಅಂಚಿನಲ್ಲಿ ಬೋರಲು ಹಾಕಿದೆ. ಯಾರೂ ಹೇಳಿರಲಿಲ್ಲ. ಚಿಕ್ಕವನಿದ್ದಾಗ ಹೋಟೆಲಿನ ಮುಂದೆ ಅಪ್ಪ ಕಲಿಸಿದ್ದು: "ತೊಳದು ಬೋರಲ ಹಾಕು ಮಗಾ, ಮಾತಾಡಬ್ಯಾಡ." ನಾನು ಓದಿದ್ದೆಲ್ಲ ತಲೆಯವರೆಗೆ ಹೋಗಿದೆ, ಆ ಕೈಯವರೆಗೆ ಬಂದಿಲ್ಲ. ಇಂದು ಪಾತ್ರೆ ತೊಳೆಯುವ ಪಾಳಿ ಅರುಣನದು. ಚಹಾ ಕುಡಿದು, ಲೋಟವನ್ನು ತೊಳೆಯದೆ ಎಲ್ಲರ ಮಗ್ಗುಗಳ ನಡುವೆ ಬಿಟ್ಟು ಬಂದಿದ್ದೇನೆ. ಕೈ ಸುಮ್ಮನಿರುತ್ತಿಲ್ಲ; ಎದ್ದು ಹೋಗಬಾರದೆಂದು ಅದಕ್ಕೆ ಪೆನ್ನು ಕೊಟ್ಟು ಕೂರಿಸಿದ್ದೇನೆ. ಅಡುಗೆಮನೆಯಲ್ಲಿ ಈಗ ನಲ್ಲಿಯ ಸದ್ದು ಕೇಳುತ್ತಿದೆ.